ಮಾವನವರಿಗೆ ಬೊಂಬಿನ ಗಾಳ ಕಟ್ಟಿಕೊಟ್ಟದ್ದು

ಇನ್ನೊಬ್ಬರು ಬಾಯಿಬಿಟ್ಟು ಕೇಳುವ ಮೊದಲೇ ಅವರಿಗೆ ಏನು ಬೇಕೆಂದು ತಿಳಿದುಕೊಳ್ಳುವ ಶಕ್ತಿ ನನಗಿದೆ ಎಂದು ನಾನು ಬಹುಕಾಲ ನಂಬಿದ್ದೆ. ಇದು ನನ್ನ ಸ್ವಂತ ಸಂಶೋಧನೆಯಲ್ಲ. ಮೈಸೂರಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಇದನ್ನೇ ಸಭ್ಯತೆಯ ಮೊದಲ ಪಾಠವೆಂದು ಹೇಳಿಕೊಟ್ಟಿದ್ದರು. ಊಟದ ಮೇಜಿನಲ್ಲಿ ಪಕ್ಕದ ಹುಡುಗಿ ಉಪ್ಪು ಕೇಳುವ ಮೊದಲೇ ಉಪ್ಪಿನ ಡಬ್ಬಿಯನ್ನು ಅವಳ ಕಡೆಗೆ ಸರಿಸಬೇಕು. ನಾನು ಸರಿಸುತ್ತಿದ್ದೆ. ಅವಳಿಗೆ ಉಪ್ಪು ಬೇಕಾಗಿತ್ತೋ ಇಲ್ಲವೋ ಎಂದು ಯಾರೂ ವಿಚಾರಿಸಿದ ನೆನಪಿಲ್ಲ.

ಈ ಶಕ್ತಿಯನ್ನು ನಾನು ಪೂರ್ಣ ಪ್ರಮಾಣದಲ್ಲಿ ಪ್ರಯೋಗಿಸಿದ್ದು ನನ್ನ ಮಾವನವರ ಮೇಲೆ. ನಾವಾಗ ಸಿಂಗಾಪುರದಲ್ಲಿ ಬೆಡೋಕ್ ಜಲಾಶಯಕ್ಕೆ ನಡೆದುಹೋಗುವಷ್ಟು ಹತ್ತಿರದ ಫ್ಲಾಟುಗಳ ಬ್ಲಾಕೊಂದರಲ್ಲಿದ್ದೆವು. ಮಾವ ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತರಾದವರು. ಮಿಕ್ಸಿ, ಫ್ಯಾನು, ಪಕ್ಕದ ಮನೆಯವರ ಸ್ಕೂಟರು, ಎಲ್ಲವನ್ನೂ ಬಿಚ್ಚಿ ಜೋಡಿಸಿದ ಕೈ ಅವರದು. ಆ ಕೈ ಈಗ ಒಂದು ವರ್ಷದಿಂದ ನಡುಗುತ್ತಿತ್ತು. ಭಯಪಡುವಂಥದ್ದೇನಿಲ್ಲ, ವಯಸ್ಸಿನದು ಎಂದು ಡಾಕ್ಟರು ಹೇಳಿದ್ದರು. ಮಾವ ಭಯಪಡಲಿಲ್ಲ. ನಾಚಿಕೊಂಡರು. ನಾಲ್ಕು ಜನ ಸೇರಿದ ಕಡೆ ಬಲಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ಗೆ ಕರೆದರೆ "ಹಸಿವಿಲ್ಲ ಕಣಮ್ಮ" ಎನ್ನುತ್ತಿದ್ದರು. ಅಲ್ಲಿ ಎಲ್ಲರ ಎದುರು ಚಮಚ ಹಿಡಿಯಬೇಕಲ್ಲ.

ಊರಿಗೆ ಹಿಂತಿರುಗುವಷ್ಟರಲ್ಲಿ ಆ ಕೈಯನ್ನು ಜನರ ಮಧ್ಯೆ ಜೇಬಿನಿಂದ ಹೊರಗೆ ತೆಗೆಸಲೇಬೇಕು ಎಂದು ನಾನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಮಾವನವರನ್ನು ಕೇಳಲಿಲ್ಲ. ಕೇಳಿ ಮಾಡಿದರೆ ಅದರಲ್ಲೇನು ಸಭ್ಯತೆ?

ಸುಳಿವು ಸಿಕ್ಕಿದ್ದು ಸಂಜೆಯ ವಾಕಿಂಗಿನಲ್ಲಿ. ಜಲಾಶಯದ ದಡದಲ್ಲಿ ಮೀನು ಹಿಡಿಯಲೆಂದೇ ಗುರುತು ಮಾಡಿರುವ ಜಾಗವೊಂದಿದೆ. ಮಾವ ದಿನಾ ಅಲ್ಲಿ ನಿಂತುಬಿಡುತ್ತಿದ್ದರು. ಒಂದು ದಿನ ತಾವಾಗಿಯೇ, "ಗಾಳ ಹಿಡಿದು ಎಷ್ಟು ಕಾಲ ಆಯ್ತೋ" ಎಂದರು.

ನನಗೆ ಅಷ್ಟು ಸಾಕಾಯಿತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ವರದಿ ಒಪ್ಪಿಸಿದೆ. ಗಿರೀಶ ಒನ್-ನಾರ್ತ್‌ನ ಆಫೀಸಿನಿಂದ ಬಂದವರು ಇನ್ನೂ ಫೋನಿನಲ್ಲೇ ಮುಳುಗಿದ್ದರು.

"ಒಂದು ರಾಡ್ ಕೊಡ್ಸು. ಅದಕ್ಕೆ ಮೀಟಿಂಗ್ ಯಾಕೆ?"

"ಬರೀ ರಾಡ್ ಅಲ್ಲ ರೀ. ಅವರ ಬಾಲ್ಯ ಅದು. ಶ್ರೀರಂಗಪಟ್ಟಣ, ಕಾವೇರಿ, ಎಲ್ಲಾ."

"ಬಾಲ್ಯ ಯಾವ ಅಂಗಡೀಲಿ ಸಿಗುತ್ತೆ ಕೇಳ್ನೋಡು. ಕಾರ್ಡ್ ಇಲ್ಲೇ ಇದೆ."

ಪಾಸಿರ್ ರಿಸ್‌ನ ಗಾಳದ ಅಂಗಡಿಗೆ ಮಾವನವರನ್ನು ಕರೆದುಕೊಂಡು ಹೋದೆ. ಗೋಡೆಯ ತುಂಬ ಕಾರ್ಬನ್ ರಾಡುಗಳು, ಗಾಜಿನ ಪೆಟ್ಟಿಗೆಯಲ್ಲಿ ಒಡವೆಯ ಹಾಗೆ ಜೋಡಿಸಿದ ರೀಲುಗಳು. ಮಾವ ಒಂದು ರೀಲನ್ನು ಎಡಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದಲೇ ಹಿಡಿಯನ್ನು ಮೆಲ್ಲಗೆ ತಿರುಗಿಸಿದರು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತಿರುಗಿಸಿದರು.

"ಎಷ್ಟು ನುಣುಪಾಗಿ ತಿರುಗ್ತದೆ ನೋಡು. ಒಳಗೆ ಬೇರಿಂಗು ಹಾಕಿದಾನೆ" ಎಂದು ಉಸಿರು ಬಿಟ್ಟರು.

ಆ ಉಸಿರನ್ನು ನಾನು ಹಿಡಿದುಕೊಂಡೆ. ಪಾಪ, ಯಂತ್ರಗಳ ನಡುವೆ ಕಳೆದುಹೋದ ನದಿಯನ್ನು ನೆನೆದು ಬಿಟ್ಟ ನಿಟ್ಟುಸಿರು! ಒಳ್ಳೆಯ ಸೊಸೆಯಾದವಳು ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ರೀಲನ್ನು ಅವರ ಕೈಯಿಂದ ಮೃದುವಾಗಿ ತೆಗೆದು ಅಂಗಡಿಯವನಿಗೆ ಕೊಟ್ಟು, "ಬೇಡ ಬನ್ನಿ ಮಾವ. ಇದೆಲ್ಲ ನಿಮಗಲ್ಲ" ಎಂದೆ. ಮಾವ ಒಂದು ಸಲ ರೀಲನ್ನೂ ಒಂದು ಸಲ ನನ್ನನ್ನೂ ನೋಡಿದರು. ಕೃತಜ್ಞತೆ ಎಂದುಕೊಂಡೆ.

ಲೈಬ್ರರಿಯಲ್ಲಿ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಇಂಗ್ಲೆಂಡಿನಲ್ಲಿ ರೋಚ್ ಎಂಬ ಬೆಳ್ಳಿ ಬಣ್ಣದ ಮೀನು ಹಿಡಿಯುವ ವಿಧಾನಗಳ ಬಗ್ಗೆ. ಹಳೆಯ ಸಲಕರಣೆ, ಹೊಸ ಸಲಕರಣೆ ಎಂದು ಎರಡು ಭಾಗ. ಹಳೆಯದರಲ್ಲಿ ಬೆತ್ತದ ಕೋಲು, ಹಕ್ಕಿಯ ಗರಿಯಿಂದ ಮಾಡಿದ ತೇಲುಕಡ್ಡಿ, ಬ್ರೆಡ್ಡಿನ ಉಂಡೆ, ಮತ್ತು ಬಹಳಷ್ಟು ಮೌನ. ಹೊಸದರಲ್ಲಿ ಕಾರ್ಬನ್ನು, ರೀಲು, ಮೀನು ಕಚ್ಚಿದರೆ ಕೂಗುವ ಯಂತ್ರ. ಬರೆದವರ ಮನಸ್ಸು ಹಳೆಯದರ ಕಡೆಗೇ ಇತ್ತು. ನನ್ನದೂ ಹೋಯಿತು. ರೋಚ್ ಮೀನು ಸಿಂಗಾಪುರದ ನೀರಿನಲ್ಲಿ ಇಲ್ಲವೇ ಇಲ್ಲ ಎಂಬ ಸಣ್ಣ ವಿಷಯಕ್ಕೆ ನಾನು ಮಹತ್ವ ಕೊಡಲಿಲ್ಲ. ಇಂಗ್ಲೆಂಡಿನ ಗರಿಗೂ ಕಾವೇರಿಯ ಗರಿಗೂ ಏನು ವ್ಯತ್ಯಾಸ?

"ಮಾವ, ನಿಮ್ಮ ಕಾಲದಲ್ಲಿ ಹೇಗೆ ಹಿಡೀತಿದ್ರಿ?"

"ಬೊಂಬು ಕಡೀತಿದ್ವಿ. ದಾರ ಕಟ್ತಿದ್ವಿ. ನವಿಲುಗರಿ ದಂಟು ಕತ್ತರಿಸಿ ತೇಲಿಬಿಡೋದು. ಅದು ಮುಳುಗಿದ್ರೆ ಗೆಂಡೆ ಕಚ್ಚಿದೆ ಅಂತ."

"ಮತ್ತೆ ಗಾಳಕ್ಕೆ ಏನು ಸಿಗಿಸ್ತಿದ್ರಿ?"

"ರಾಗಿಹಿಟ್ಟಿನ ಉಂಡೆ. ಒಂದು ಚೂರು ಇಂಗು ಹಾಕಿದ್ರೆ ವಾಸನೆಗೇ ಬರ್ತವೆ. ಯಾಕಮ್ಮ?"

"ಸುಮ್ನೆ" ಎಂದೆ. ಉಪ್ಪಿನ ಡಬ್ಬಿ ಚಲಿಸತೊಡಗಿತ್ತು.

ಬೊಂಬು ನಮ್ಮ ಬ್ಲಾಕಿನಲ್ಲೇ ಇತ್ತು. ಇಲ್ಲಿ ಅಡಿಗೆಮನೆಯ ಕಿಟಕಿಯಿಂದ ಹೊರಗೆ ಉದ್ದನೆಯ ಬೊಂಬು ಚಾಚಿ ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ. ಪಕ್ಕದ ಮನೆಯ ಲಿಮ್ ಆಂಟಿ ಆಗತಾನೇ ಅಲ್ಯೂಮಿನಿಯಂ ಸ್ಟ್ಯಾಂಡ್ ಹಾಕಿಸಿಕೊಂಡಿದ್ದರು. ಹಳೆಯ ಬೊಂಬನ್ನು ಕೇಳಿದೆ.

"ಟೇಕ್, ಟೇಕ್. ಬಟ್ ಫಾರ್ ವಾಟ್?"

"ಫಾರ್ ಫಿಶಿಂಗ್, ಆಂಟಿ. ಟ್ರೆಡಿಷನಲ್ ಮೆಥಡ್."

"ಅಯ್ಯೋ, ಮಾರ್ಕೆಟ್ ಗಾಟ್ ಫಿಶ್, ಆಲ್ರೆಡಿ ಡೆಡ್. ಸೋ ಈಸಿ ಲಾ."

ನವಿಲುಗರಿಯನ್ನು ದೇವರ ಗೂಡಿನ ಕೃಷ್ಣನ ತಲೆಯಿಂದ, ಕ್ಷಮೆ ಕೋರಿ, ತೆಗೆದುಕೊಂಡೆ. ರಾಗಿಹಿಟ್ಟು ಮನೆಯಲ್ಲಿತ್ತು. ಅದನ್ನು ಹಸಿಯಾಗಿ ಜೇಡಿಮಣ್ಣಿನ ಹಾಗೆ ಕಲಸಬೇಕಂತೆ. ಆದರೆ ರಾಗಿ ಕಂಡರೆ ನನ್ನ ಕೈಗೆ ಗೊತ್ತಿರುವುದು ಒಂದೇ ಕೆಲಸ. ನೀರು ಕುದಿಸಿ, ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ, ಗಂಟಿಲ್ಲದ ಹಾಗೆ ಮುದ್ದೆ ಕಟ್ಟಿ, ಅಭ್ಯಾಸಬಲದಿಂದ ತುಪ್ಪವನ್ನೂ ಸವರಿದೆ.

ಶನಿವಾರ ಬೆಳಗ್ಗೆ ಎಲ್ಲವನ್ನೂ ಹಾಲಿನಲ್ಲಿ ಪ್ರದರ್ಶನಕ್ಕಿಟ್ಟೆ. ಹಾಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬೊಂಬು, ಅದರ ತುದಿಗೆ ನೈಲಾನ್ ದಾರ, ದಾರದಲ್ಲಿ ಗರಿಯ ದಂಟು, ಕೊನೆಗೆ ಕೊಕ್ಕೆ. ಪಕ್ಕದಲ್ಲಿ ಸ್ಟೀಲ್ ಡಬ್ಬಿಯೊಳಗೆ ಹೊಳೆಯುವ ಮುದ್ದೆ. ಮಾವ ಬಹಳ ಹೊತ್ತು ನೋಡಿದರು.

"ಇಷ್ಟೆಲ್ಲ ನೀನೇ ಮಾಡಿದ್ಯಾ?"

"ಹೂಂ ಮಾವ. ಎಲ್ಲಾ ನಿಮ್ಮ ಕಾಲದ್ದೇ."

"ಮುದ್ದೆಗೆ ಸಾರು ಮಾಡಿಲ್ವಾ?" ಎಂದು ಗಿರೀಶ ಕೇಳಿದರು. "ಅಲ್ಲಾ, ಇವತ್ತು ಶನಿವಾರ. ನಮ್ಮನೇಲಿ ಮೀನು ಇಲ್ಲ."

"ತಿನ್ನೋದಕ್ಕೆ ವಾರ ನೋಡ್ಬೇಕು. ಹಿಡಿಯೋದಕ್ಕೇನು" ಎಂದರು ಮಾವ. ಆಮೇಲೆ ಬೊಂಬನ್ನು ಕಾಲಿನಿಂದ ಸ್ವಲ್ಪ ಉರುಳಿಸಿ ನೋಡಿ, "ಇದನ್ನ ಮಧ್ಯಕ್ಕೆ ಕೊಯ್ದು ಒಂದು ಪೈಪಿನ ತುಂಡು ಹಾಕಿ ಜೋಡಿಸ್ಬಹುದಿತ್ತು. ಹಗುರ ಆಗೋದು. ಲಿಫ್ಟಿಗೂ ಹಿಡಿಯೋದು" ಎಂದರು.

"ಬೇಡ ಮಾವ, ಅಖಂಡವಾಗಿರ್ಲಿ. ಒರಿಜಿನಲ್."

ಒರಿಜಿನಲ್ ಬೊಂಬು ಲಿಫ್ಟಿನಲ್ಲಿ ಹಿಡಿಯಲಿಲ್ಲ. ಗಿರೀಶರಿಗೆ ಆಗಲೇ ತುರ್ತಾಗಿ ಆಫೀಸಿನ ಫೋನು ಬಂತು. ಮಾವನವರನ್ನು ಲಿಫ್ಟಿನಲ್ಲಿ ಕಳಿಸಿ ನಾನು ಬೊಂಬಿನೊಂದಿಗೆ ಹನ್ನೊಂದನೆಯ ಮಹಡಿಯಿಂದ ಮೆಟ್ಟಿಲಿಳಿಯತೊಡಗಿದೆ. ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ ಬೊಂಬು ತಿರುಗಲು ಒಪ್ಪುತ್ತಿರಲಿಲ್ಲ. ಕಟಾಂಜನದ ಹೊರಗೆ ಅದರ ಮೂತಿ ಚಾಚಿ, ಹಿಂದಕ್ಕೆ ಎಳೆದು, ಮತ್ತೆ ಚಾಚಿ, ಹೇಗೋ ವಾಯ್ಡ್ ಡೆಕ್ ಎಂಬ, ಬ್ಲಾಕಿನ ಕೆಳಗಿನ ತೆರೆದ ಅಂಗಳ ತಲುಪಿದೆ. ಅಲ್ಲಿ ಕಾಯುತ್ತಿದ್ದ ಮಾವ ನನ್ನ ತಲೆಯ ಮೇಲೆ, ಬೊಂಬಿನ ತುದಿಯನ್ನೇ ನೋಡುತ್ತಿದ್ದರು.

"ಏನು ಮಾವ?"

"ಮೊದಲ್ನೇದು ಸಿಕ್ಕಿದೆ ಕಣಮ್ಮ."

ಕೊಕ್ಕೆಗೆ ಯಾರದೋ ನೀಲಿ ಚಡ್ಡಿ ಸಿಕ್ಕಿಕೊಂಡಿತ್ತು. ಇನ್ನೂ ಒದ್ದೆಯಾಗಿತ್ತು. ಯಾವ ಮಹಡಿಯದೆಂದು ವಿಚಾರಿಸುತ್ತಾ ಬಾಗಿಲು ತಟ್ಟುವ ಧೈರ್ಯ ನನ್ನ ಕಾನ್ವೆಂಟ್ ಶಿಕ್ಷಣ ನನಗೆ ಕೊಟ್ಟಿರಲಿಲ್ಲ. ಅಂಚೆಪೆಟ್ಟಿಗೆಗಳ ಮೇಲೆ ಗೌರವದಿಂದ ಮಡಿಸಿಟ್ಟು ಹೊರಟೆವು.

ಜಲಾಶಯದ ದಡದಲ್ಲಿ ಆಗಲೇ ಏಳೆಂಟು ಜನ ಇದ್ದರು. ಹಸಿರು ಟೋಪಿ ಹಾಕಿದ ಚೀನೀ ಅಂಕಲ್ ಒಬ್ಬರು ತಮ್ಮ ರಾಡನ್ನು ಕಬ್ಬಿಣದ ಸಣ್ಣ ಕವಲಿನ ಮೇಲೆ ಒರಗಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ನಮ್ಮ ಬೊಂಬು ಬರುವುದನ್ನು ಕಂಡು ಎಲ್ಲರೂ ಅದಕ್ಕೆ ದಾರಿ ಬಿಟ್ಟರು. ನಾನು ಅದನ್ನೂ ಗೌರವ ಎಂದುಕೊಂಡೆ.

ಡಬ್ಬಿ ತೆರೆದು ಮುದ್ದೆ ಮುರಿಯುವಷ್ಟರಲ್ಲಿ ಟೋಪಿಯ ಅಂಕಲ್ ಹತ್ತಿರ ಬಂದರು. ಅವರು ತೋರಿಸಿದ ಫಲಕವನ್ನು ನಾನು ಪ್ರತಿ ಸಂಜೆ ದಾಟಿಹೋಗಿದ್ದೆ, ಓದಿರಲಿಲ್ಲ. ಇಲ್ಲಿ ಕೃತಕ ಆಮಿಷ ಮಾತ್ರ ಬಳಸಬೇಕು. ಇದು ಕುಡಿಯುವ ನೀರು, ಇದಕ್ಕೆ ತಿನ್ನುವ ಪದಾರ್ಥ ಹಾಕುವ ಹಾಗಿಲ್ಲ.

"ಆಂಟಿ, ಫುಡ್ ಕೆನಾಟ್. ಪ್ಲಾಸ್ಟಿಕ್ ಫಿಶ್ ಕ್ಯಾನ್, ರಬ್ಬರ್ ಫ್ರಾಗ್ ಕ್ಯಾನ್."

ನಾನು ಸಿಸ್ಟರುಗಳಿಗೆ ಹೆಮ್ಮೆಯಾಗುವಂಥ ಇಂಗ್ಲಿಷಿನಲ್ಲಿ ವಾದ ಮಂಡಿಸಿದೆ. ಇದು ಹುಳುವಲ್ಲ, ಪೂರ್ತಿ ಸಸ್ಯಾಹಾರ. ಪ್ರಕೃತಿಯಲ್ಲಿ ಎಲ್ಲಿಯೂ ತಾನಾಗಿ ಸಿಗುವುದಿಲ್ಲ. ಈ ದಿನ ಬೆಳಗ್ಗೆ ನಾನೇ ನನ್ನ ಕೈಯಾರೆ ತಯಾರಿಸಿದ್ದೇನೆ. ಇದಕ್ಕಿಂತ ಕೃತಕವಾದದ್ದು ಇನ್ನೇನಿದೆ?

ಅಂಕಲ್ ಮುದ್ದೆಯನ್ನು ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದು ನೋಡಿದರು. "ಗಾಟ್ ಬಟರ್" ಎಂದರು. ಕೇಸು ಬಿದ್ದುಹೋಯಿತು.

ಒಳ್ಳೆಯವರು. ತಮ್ಮ ಪೆಟ್ಟಿಗೆಯಿಂದ 'ಲೂರ್' ಎಂಬ ಬೆರಳುದ್ದದ ಪ್ಲಾಸ್ಟಿಕ್ ಮೀನೊಂದನ್ನು ಕೊಟ್ಟರು. ಅದನ್ನು ನವಿಲುಗರಿಯ ಕೆಳಗೆ ಕಟ್ಟಿದೆ. ಹಳೆಯದು ಹೊಸದು ಎರಡೂ ಸೇರಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಬೊಂಬನ್ನು ಮಾವನವರ ಮುಂದೆ ಹಿಡಿದೆ.

"ತಗೊಳ್ಳಿ ಮಾವ."

ಅವರು ಸುತ್ತಲೂ ಒಂದು ಸಲ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಬಲಗೈಯನ್ನು ಜೇಬಿನಿಂದ ತೆಗೆದು ಬೊಂಬನ್ನು ಹಿಡಿದುಕೊಂಡರು. ಪ್ರತಿಜ್ಞೆ ನೆರವೇರಿತೆಂದು ಭಾವಿಸಿದೆ.

ನವಿಲುಗರಿ ನೀರಿನ ಮೇಲೆ ನಿಂತಿತು. ನಿಂತದ್ದು ಅಲುಗತೊಡಗಿತು. ಪುಟಪುಟನೆ, ಬಿಡದೆ. ಸುತ್ತ ಸಣ್ಣ ಉಂಗುರಗಳು ಎದ್ದವು.

"ಬೈಟ್! ಅಂಕಲ್, ಪುಲ್, ಪುಲ್!" ಎಂದು ಟೋಪಿಯವರು ಫ್ಲಾಸ್ಕ್ ಬಿಟ್ಟು ಓಡಿಬಂದರು. ಉಳಿದವರೂ ಬಂದರು. ಯಾರೋ ಫೋನ್ ತೆಗೆದು ವಿಡಿಯೋ ಮಾಡತೊಡಗಿದರು. ಎಲ್ಲರ ಕಣ್ಣೂ ಆ ಗರಿಯ ಮೇಲೆ. ಗರಿ ಇನ್ನೂ ಜೋರಾಗಿ ನಡುಗಿತು.

ಮಾವ ಎಳೆಯಲಿಲ್ಲ. "ನೋ ಫಿಶ್, ಸರ್" ಎಂದರು ಮೆಲ್ಲಗೆ. "ಮೈ ಹ್ಯಾಂಡ್."

ಫೋನ್ ಹಿಡಿದವರು ಅದನ್ನು ಕೆಳಗಿಳಿಸಿದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಹೋದರು. ಮಾವ ಬೊಂಬನ್ನು ಹುಲ್ಲಿನ ಮೇಲಿಟ್ಟು, ಕೈಯನ್ನು ಜೇಬಿಗೆ ಹಾಕಿಕೊಂಡು, ವರ್ಕ್‌ಶಾಪಿನಲ್ಲಿ ಹೊಸಬರಿಗೆ ವಿವರಿಸುತ್ತಿದ್ದ ದನಿಯಲ್ಲಿ ಹೇಳಿದರು:

"ಕೋಲು ಉದ್ದ ಆದಷ್ಟೂ ನಡುಕ ತುದೀಲಿ ದೊಡ್ಡದಾಗಿ ಕಾಣುತ್ತೆ ಕಣಮ್ಮ. ಅದು ಲೆಕ್ಕ."

ಮನೆಯೊಳಗೆ ಬೆರಳಿನಷ್ಟಿದ್ದ ನಡುಕವನ್ನು ನಾನು ಶ್ರಮಪಟ್ಟು, ಕೃಷ್ಣನ ಗರಿ ಸಿಕ್ಕಿಸಿ, ಜಲಾಶಯಕ್ಕೆಲ್ಲ ಕಾಣುವ ಹಾಗೆ ಮಾಡಿಕೊಟ್ಟಿದ್ದೆ. ನಿಶ್ಚಲವಾದ ಕೈ, ನಿಶ್ಚಲವಾದ ಗರಿ: ಹಳೆಯ ವಿಧಾನದ ಜೀವವೇ ಅದು ಎಂದು ಆ ಇಂಗ್ಲಿಷ್ ಪುಸ್ತಕದಲ್ಲೂ ಬರೆದಿತ್ತು. ಆ ಸಾಲಿನ ಚೆಲುವಿಗೆ ನಾನು ತಲೆದೂಗಿದ್ದೆ. ಅರ್ಥ ನೋಡಿರಲಿಲ್ಲ.

ಇಂಥ ಹೊತ್ತಿನಲ್ಲಿ ತೆಪ್ಪಗೆ ಕೂರುವುದು ಬುದ್ಧಿವಂತಿಕೆ. ನಾನು ಎಲ್ಲರ ಗಮನವನ್ನು ಬೇರೆ ಕಡೆ ಸೆಳೆಯಲು ನಿರ್ಧರಿಸಿದೆ. "ಈಗ ನಾನು ಹಿಡೀತೀನಿ ನೋಡಿ" ಎಂದು ಬೊಂಬನ್ನು ಎರಡು ಕೈಯಲ್ಲಿ ಎತ್ತಿ, ಹಿಂದಕ್ಕೆ ಬೀಸಿ, ಪೂರ್ತಿ ಬಲದಿಂದ ಮುಂದಕ್ಕೆ ಬೀಸಿದೆ. ಹಿಂದಕ್ಕೆ ಬೀಸಿದಾಗ ಏನೋ ತಡೆದಂತಾಯಿತು. ಮುಂದಕ್ಕೆ ಬೀಸಿದಾಗ ಹಸಿರು ಬಣ್ಣದ್ದೊಂದು ನನ್ನ ತಲೆಯ ಮೇಲೆ ಹಾರಿಹೋಗಿ ದೂರದ ನೀರಿನಲ್ಲಿ ಇಳಿಯಿತು.

ತಿರುಗಿ ನೋಡಿದರೆ ಅಂಕಲ್ ತಮ್ಮ ಬೋಳು ತಲೆಯನ್ನು ಸವರಿಕೊಳ್ಳುತ್ತಿದ್ದರು.

ನನಗೆ ಗೊತ್ತಿದ್ದ ಎಲ್ಲ ಬಗೆಯ 'ಸಾರಿ'ಗಳನ್ನೂ ಹೇಳಿದೆ. ದಾರ ಹರಿದಿತ್ತು, ಟೋಪಿ ಮೆಲ್ಲಗೆ ಜಲಾಶಯದ ನಡುವಿನ ಕಡೆಗೆ ಹೊರಟಿತ್ತು. ಅಂಕಲ್ ತಮ್ಮ ರಾಡು ತೆಗೆದು ಅದರ ಕಡೆಗೆ ಕೊಕ್ಕೆ ಎಸೆದರು. ತಪ್ಪಿತು. ಮತ್ತೆ ಎಸೆದರು. ಕೊಕ್ಕೆ ಟೋಪಿಯ ಅಂಚು ಸವರಿಕೊಂಡು ಬಂತು.

ಆಗ ನನ್ನ ಪಕ್ಕದಿಂದ ಒಂದು ಕೈ ಮುಂದೆ ಚಾಚಿತು. ಬಲಗೈ. ನಡುಗುತ್ತಲೇ ಇತ್ತು.

"ಒನ್ ಮಿನಿಟ್, ಸರ್. ಐ ವಿಲ್ ಟ್ರೈ?"

ಯಾರೂ ಅವರನ್ನು ಕರೆದಿರಲಿಲ್ಲ. ನಾನಂತೂ ಇನ್ನೂ 'ಸಾರಿ'ಯಲ್ಲೇ ಇದ್ದೆ. ಅಂಕಲ್ ರಾಡು ಕೊಟ್ಟರು. ಮಾವ ಅದರ ಬುಡವನ್ನು ಕಂಕುಳಲ್ಲಿ ಇರುಕಿಕೊಂಡು, ಎಡಗೈಯಲ್ಲಿ ಹಿಡಿದು, ಎಸೆಯುವುದನ್ನು ಅಂಕಲ್ಲಿಂದಲೇ ತೋರಿಸಿಕೊಂಡರು. ಮೊದಲನೆಯದು ಹತ್ತಿರದಲ್ಲೇ ಬಿತ್ತು. ಎರಡನೆಯದು ಪಕ್ಕದವರ ದಾರದ ಮೇಲೆ ಬಿತ್ತು. ಪಕ್ಕದವರು ಪರವಾಗಿಲ್ಲ ಎಂದರು. ಅಲ್ಲಿಂದ ಎಷ್ಟೋ ಸಲ ಎಸೆದ ಮೇಲೆ ಕೊಕ್ಕೆ ಟೋಪಿಯ ಆಚೆಗೆ ಹೋಗಿ ಬಿತ್ತು. ಮಾವ ರೀಲಿನ ಹಿಡಿ ತಿರುಗಿಸತೊಡಗಿದರು. ತಿರುಗಿಸುವ ಕೈ ನಡುಗಿದರೇನು? ಅದು ಹೇಗೂ ತಿರುಗುತ್ತಿರಬೇಕಾದ ಕೈ. ಟೋಪಿ ಒಂದು ಸಲ ಅಲುಗಿ, ಯಜಮಾನರ ಕಡೆಗೆ ಮುಖ ಮಾಡಿ, ಸಾವಕಾಶವಾಗಿ ಬಂತು.

ದಡದಲ್ಲಿ ಚಪ್ಪಾಳೆ ಬಿತ್ತು. ಅಂಕಲ್ ನೀರು ಹಿಂಡಿ ಟೋಪಿ ಹಾಕಿಕೊಂಡರು. ರಾಡು ಮಾತ್ರ ಮಾವನವರ ಕೈಯಲ್ಲೇ ಉಳಿಯಿತು. ಅವರು ಇನ್ನೊಂದು ಸಲ ಎಸೆದು ಸುತ್ತತೊಡಗಿದರು. ರಾಡಿನ ತುದಿ ತಟತಟನೆ ಅದುರುತ್ತಿತ್ತು. ನೀರಿನಲ್ಲಿ ಆ ರಾಡಿನ ಪ್ಲಾಸ್ಟಿಕ್ ಮೀನು ಗಾಯಗೊಂಡ ಮೀನಿನ ಹಾಗೆ ಒದ್ದಾಡುತ್ತಾ ಬರುತ್ತಿತ್ತು.

"ಯುವರ್ ಹ್ಯಾಂಡ್ ವೆರಿ ಗುಡ್" ಎಂದರು ಅಂಕಲ್. ಉಪಚಾರದ ಮಾತಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು. "ಲೂರ್ ಮಸ್ಟ್ ಶೇಕ್, ದೆನ್ ಫಿಶ್ ಬಿಲೀವ್. ಮೈ ಹ್ಯಾಂಡ್ ಟೂ ಸ್ಟಿಫ್ ಲಾ."

ಅಷ್ಟರಲ್ಲಿ ನೀರಿನೊಳಗಿಂದ ಹಸಿರು ಬೆನ್ನಿನ ಮೀನೊಂದು ಪ್ಲಾಸ್ಟಿಕ್ ಮೀನಿನ ಹಿಂದೆಯೇ ದಡದವರೆಗೆ ಬಂದು, ನಮ್ಮನ್ನೆಲ್ಲ ನೋಡಿ, ಮನಸ್ಸು ಬದಲಾಯಿಸಿ ಹಿಂತಿರುಗಿತು.

"ನೋಡಿದ್ಯಾ ವಸುಧಾ? ಬಂದಿತ್ತು. ನಂಬಿ ಬಂದಿತ್ತು" ಎಂದರು ಮಾವ. ಆ ಬೆಳಗ್ಗೆ ಸಿಕ್ಕ ಮೀನು ಎಂದರೆ ಅಷ್ಟೇ.

ವಾಪಸು ಬರುವಾಗ ಬೊಂಬನ್ನು ನಾನೇ ಹೊತ್ತಿದ್ದೆ. ತುದಿ ಸೀಳಿತ್ತು. ಕೃಷ್ಣನ ಗರಿ ಜಲಾಶಯದ ಪಾಲಾಗಿತ್ತು. ಸ್ವಲ್ಪ ದೂರ ನಡೆದ ಮೇಲೆ ಕೇಳಿದೆ. ಈ ಇಡೀ ವ್ಯವಹಾರದಲ್ಲಿ ನಾನು ಅವರ ಮನಸ್ಸನ್ನು ಕೇಳಿದ್ದು ಇದೇ ಮೊದಲು.

"ಮಾವ, ನಿಮಗೆ ಬೊಂಬಿನ ಗಾಳ ಇಷ್ಟ ಇರ್ಲಿಲ್ವಾ?"

"ಇಷ್ಟ ಏನು ಬಂತು? ಆಗ ಕೈಯಲ್ಲಿ ಕಾಸಿರ್ಲಿಲ್ಲ, ಅದಕ್ಕೆ ಬೊಂಬು. ನಮ್ಮೂರಿಗೆ ಬರ್ತಿದ್ದ ಸಾಹೇಬರೊಬ್ಬರ ಹತ್ರ ರೀಲಿತ್ತು. ಒಂದೇ ಒಂದು ಸಲ ಮುಟ್ಟೋಕೆ ಕೊಟ್ಟಿದ್ರು."

"ಮತ್ತೆ ಅವತ್ತು ಅಂಗಡೀಲಿ ಹೇಳ್ಬಾರ್ದಿತ್ತಾ?"

"ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಕೈಯಿಂದ ತಗೊಂಡ್ಬಿಟ್ಟೆ. ಇದೆಲ್ಲ ನಿಮಗಲ್ಲ ಅಂದೆ. ಹೋಗ್ಲಿ, ವಯಸ್ಸಾದೋರಿಗೆ ಯಾಕೆ ಅಂತಿರ್ಬೇಕು ಅಂದ್ಕೊಂಡೆ."

ಬೊಂಬು ಹೆಗಲ ಮೇಲೆ ಇದ್ದಕ್ಕಿದ್ದಂತೆ ಭಾರವಾಯಿತು. ಉಪ್ಪು ಸರಿಸಿದ್ದೆ ಎಂದುಕೊಂಡಿದ್ದೆ. ತಟ್ಟೆಯನ್ನೇ ಸರಿಸಿದ್ದೆ.

ಅದೇ ಸಂಜೆ ಗಿರೀಶ ಮತ್ತು ಮಾವ ಇಬ್ಬರೇ ಪಾಸಿರ್ ರಿಸ್‌ಗೆ ಹೋಗಿ ರಾಡು, ರೀಲು ತಂದರು. ಮಾರನೆಯ ದಿನದಿಂದ ಮಾವ ಬೆಳಗಿನ ಕಾಫಿ ಕುಡಿದು ತಾವೇ ಹೊರಡತೊಡಗಿದರು. ಅಲ್ಲಿ ಟೋಪಿಯ ಅಂಕಲ್ಲಿನ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಾರಂತೆ. ಶರ್ಟಿನ ಮೇಲೆ ಚೆಲ್ಲಿಕೊಂಡು ಬರುತ್ತಾರೆ, ಒರೆಸಿಕೊಳ್ಳುವ ಗೋಜಿಗೂ ಹೋಗುವುದಿಲ್ಲ. ಮೀನು ಸಿಕ್ಕರೆ ಫೋಟೋ ತೆಗೆಸಿಕೊಂಡು ನೀರಿಗೆ ಬಿಟ್ಟುಬರುತ್ತಾರೆ. ಫೋಟೋಗಳಲ್ಲಿ ಮೀನು ಸ್ವಲ್ಪ ಅಲುಗಿರುತ್ತದೆ.

ಮುಂದಿನ ಶನಿವಾರ ನಾನೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತೆ. ಬಿಸಿಲಿಗೆ ಕೊಡೆ, ಕೂರಲು ಚಾಪೆ, ಫ್ಲಾಸ್ಕಿನಲ್ಲಿ ಮಜ್ಜಿಗೆ, ಏನೂ ಮರೆತಿರಲಿಲ್ಲ. ಮಾವ ಲಿಫ್ಟಿನ ಗುಂಡಿ ಒತ್ತಿದವರು ಹಿಂತಿರುಗಿ ನನ್ನನ್ನೂ ನನ್ನ ಚೀಲಗಳನ್ನೂ ನೋಡಿದರು.

"ನೀನು ಮನೇಲೇ ಇರಮ್ಮ" ಎಂದರು, ಬಹಳ ಪ್ರೀತಿಯಿಂದಲೇ. "ಬಂದ್ರೆ ನನಗೆ ಏನಾದ್ರೂ ಅನುಕೂಲ ಮಾಡ್ಬಿಡ್ತೀಯ."